ಹಳೆ ಪತ್ರಿಕೆಯ ಕಾರ್ಟೂನು: ಹುಡುಕುವುದು, ದಿನಾಂಕ ಪತ್ತೆ ಮಾಡುವುದು, ಕಾಪಾಡುವುದು

ನನ್ನ ಅಜ್ಜ ಬಿಟ್ಟುಹೋದ ಒಂದು ಲಾಂಗ್ ನೋಟ್‌ಬುಕ್ ನನ್ನ ಹತ್ತಿರ ಇದೆ. ಪ್ರತಿ ಪುಟದಲ್ಲೂ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಎರಡು ಮೂರು ವ್ಯಂಗ್ಯಚಿತ್ರ. ಅಜ್ಜನ ಕೈ ತುಂಬಾ ಅಚ್ಚುಕಟ್ಟು. ಚೌಕದ ಗೆರೆಯ ಗುಂಟ ಕತ್ತರಿ ಓಡಿಸಿದ್ದಾರೆ, ಒಂದು ಕೂದಲೆಳೆಯಷ್ಟೂ ಕಾಗದ ಆಚೆ ಉಳಿದಿಲ್ಲ. ತೊಂದರೆ ಆಗಿದ್ದೇ ಅಲ್ಲಿ. ಯಾವ ಪತ್ರಿಕೆ, ಯಾವ ದಿನ, ಯಾವ ಸುದ್ದಿಗೆ ಬರೆದದ್ದು, ಒಂದೂ ಗೊತ್ತಿಲ್ಲ. ಟೋಪಿ ಹಾಕಿದ ಮಂತ್ರಿ ಖಾಲಿ ಚೀಲದ ಮೇಲೆ ಕೂತಿದ್ದಾನೆ. ಅದು ಅಕ್ಕಿ ಚೀಲವೋ, ಮತದ ಚೀಲವೋ, ಖಜಾನೆಯೋ?

ರಾಜಕೀಯ ಕಾರ್ಟೂನು ಅವತ್ತಿನ ಸುದ್ದಿಗೆ ಅಂಟಿಕೊಂಡು ಬದುಕುವಂಥದ್ದು. ದಿನಾಂಕ ಕಳೆದರೆ ಅರ್ಧ ಚಿತ್ರವೇ ಕಳೆದಂತೆ. ಆ ನೋಟ್‌ಬುಕ್ ಹಿಡಿದು ಹೊರಟ ನಾನು ಇಷ್ಟು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವುದನ್ನು ಕೂಡಿಡಬೇಕು?

ಎಲ್ಲವನ್ನೂ ಕೂಡಿಡಲು ಹೊರಟರೆ ಆರು ತಿಂಗಳಲ್ಲಿ ಮನೆ ತುಂಬುತ್ತದೆ, ಉತ್ಸಾಹ ಮುಗಿಯುತ್ತದೆ. ಒಬ್ಬ ಕಲಾವಿದ, ಒಂದು ಪತ್ರಿಕೆ ಅಥವಾ ಒಂದು ಕಾಲ, ಹೀಗೆ ಒಂದು ಸಣ್ಣ ಬೇಲಿ ಹಾಕಿಕೊಳ್ಳಿ.

ಈಗಾಗಲೇ ಉಳಿದಿರುವುದು ಯಾವುದು ಅಂತ ಮೊದಲು ನೋಡಿ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು ಪುಸ್ತಕಗಳಾಗಿ ಬಂದಿವೆ. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆ ಇಪ್ಪತ್ತೈದು ವರ್ಷ ನಡೆಯಿತು. ಲಕ್ಷ್ಮಣ್ ಇನ್ನೂ ಹುಡುಗನಾಗಿದ್ದಾಗ ಬರೆದ ಚಿತ್ರಗಳು ಅದರಲ್ಲಿವೆ. ಅದರ ಹಳೆ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಓದುಗರಿಗೆ ಸಿಗುವಂತೆ ಮಾಡಿದ್ದಾರೆ. ಬೆಂಗಳೂರಿನಲ್ಲಿದ್ದು ರಾಜಕೀಯ ಕಾರ್ಟೂನು ಬರೆದ ಮಾಯಾ ಕಾಮತ್ 2001ರಲ್ಲಿ ತೀರಿಕೊಂಡರು. ಅವರ ಚಿತ್ರಗಳ ದೊಡ್ಡ ಸಂಗ್ರಹ ಮಹಿಳೆಯರ ಕುರಿತ ದಾಖಲೆಗಳನ್ನು ಕೂಡಿಡುವ ಮುಂಬೈಯ ‘ಸ್ಪ್ಯಾರೋ’ ಸಂಸ್ಥೆಯಲ್ಲಿದೆ. ಇವೆಲ್ಲ ಒಂದು ಮಟ್ಟಿಗೆ ಸುರಕ್ಷಿತ.

ಕಳೆದುಹೋಗುತ್ತಿರುವುದು ಬೇರೆ. ಜಿಲ್ಲಾ ಪತ್ರಿಕೆಗಳ ಕಾರ್ಟೂನು. ನಿಂತುಹೋದ ವಾರಪತ್ರಿಕೆಗಳ ನಗೆಚಿತ್ರ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಾರ್ಟೂನು ಪುಟ. ಮುಖಪುಟದ ಮೂಲೆಯ ಒಂದು ಕಾಲಮ್ಮಿನ ಪಾಕೆಟ್ ಕಾರ್ಟೂನು. ಎರಡೇ ಅಕ್ಷರದ ಸಹಿ ಹಾಕಿ ಹತ್ತು ವರ್ಷ ಬರೆದು ಮರೆಯಾದ ಕಲಾವಿದರ ಕೆಲಸ. ‘ಡೆಕ್ಕನ್ ಹೆರಾಲ್ಡ್’ನಲ್ಲಿ ಬಿ.ವಿ. ರಾಮಮೂರ್ತಿಯವರ ‘ಮಿಸ್ಟರ್ ಸಿಟಿಜನ್’ ನೋಡುತ್ತಾ ಬೆಳಗಿನ ಕಾಫಿ ಕುಡಿದವರು ಎಷ್ಟೋ ಜನ. ಅವರಲ್ಲಿ ಒಂದು ಚಿತ್ರವನ್ನಾದರೂ ತೆಗೆದಿಟ್ಟವರು ಎಷ್ಟು ಜನ ಇದ್ದಾರು?

ಹೊಸಬರು ಹುಡುಕಾಟಕ್ಕೆ ಹೊರಡುವ ಮುನ್ನ ಬೆಂಗಳೂರಿನ ಟ್ರಿನಿಟಿ ಸರ್ಕಲ್ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಒಮ್ಮೆ ಹೋಗಿಬನ್ನಿ. ಒಳ್ಳೆಯ ಗೆರೆ ಹೇಗಿರುತ್ತದೆ ಅಂತ ಕಣ್ಣು ಪಳಗಬೇಕು.

ಎಲ್ಲಿ ಹುಡುಕಬೇಕು?

ಮೊದಲ ಜಾಗ ಮನೆಯೇ. ಹಳೆ ಟ್ರಂಕಿನ ತಳ, ಬೀರುವಿನ ಅರೆಗಳಿಗೆ ಹಾಸಿದ ಕಾಗದ, ದೇವರ ಫೋಟೊದ ಬೆನ್ನು, ಶಾಲಾ ಪುಸ್ತಕಕ್ಕೆ ಹಾಕಿದ ರಟ್ಟು.

ಅದಕ್ಕಿಂತ ಒಳ್ಳೆಯ ಗಣಿ ಇನ್ನೊಂದಿದೆ. ನಮ್ಮ ಅಮ್ಮ, ಅಜ್ಜಿ, ಚಿಕ್ಕಮ್ಮಂದಿರು ವಾರಪತ್ರಿಕೆಯ ಧಾರಾವಾಹಿಗಳನ್ನು ಬಿಡಿಸಿ, ಸೂಜಿ ದಾರದಲ್ಲಿ ಹೊಲಿದು, ಬೈಂಡ್ ಮಾಡಿಸಿ ಇಡುತ್ತಿದ್ದರಲ್ವಾ? ಆ ಪುಟಗಳ ಹಿಂಬದಿ ನೋಡಿ. ಕಾದಂಬರಿಯ ಕಂತಿನ ಬೆನ್ನಿಗೆ ನಗೆಚಿತ್ರ, ಚಿತ್ರಕಥೆಯ ಪಟ್ಟಿ, ಕೆಲವೊಮ್ಮೆ ಪೂರ್ತಿ ಕಾರ್ಟೂನು ಪುಟವೇ ಇರುತ್ತದೆ. ನನ್ನ ಸಂಗ್ರಹದ ಕಾಲು ಭಾಗ ಹೀಗೆ ಬಂದದ್ದು. ಕಂತುಗಳು ಸಾಲಾಗಿ ಇರುವುದರಿಂದ ಒಂದು ವಾರದ ದಿನಾಂಕ ಸಿಕ್ಕರೆ ಉಳಿದ ವಾರಗಳನ್ನು ಎಣಿಸಿ ಹೇಳಬಹುದು. ಆ ಹೆಂಗಸರು ಓದುವ ಆಸೆಗೆ ಮಾಡಿದ ಕೆಲಸ ಇವತ್ತು ನಮಗೆ ಒಂದು ಭಂಡಾರ ಆಗಿದೆ. ಅಂಥ ಬೈಂಡನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ಹಾಗೇ ಫೋಟೊ ತೆಗೆಯಿರಿ.

ಆಮೇಲೆ ರದ್ದಿ ಅಂಗಡಿ. ಅಂಗಡಿಯವರ ಜೊತೆ ಸ್ನೇಹ ಬೆಳೆಸಿ. “ಹಳೆ ಪೇಪರ್ ಇದೆಯಾ” ಅಂತ ಕೇಳಿದರೆ ಕಳೆದ ತಿಂಗಳದ್ದು ತೋರಿಸುತ್ತಾರೆ. “ಹಳದಿ ಆಗಿರೋದು, ಮುಟ್ಟಿದ್ರೆ ಪುಡಿ ಆಗೋದು ಬಂದ್ರೆ ಫೋನ್ ಮಾಡಿ” ಅಂತ ಹೇಳಿ. ತೂಕದ ಬೆಲೆಗಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಮುಂದಿನ ಸಲ ಅವರೇ ತೆಗೆದಿಡುತ್ತಾರೆ. ಹಿರಿಯರು ತೀರಿಕೊಂಡು ಮನೆ ಖಾಲಿ ಮಾಡುವಾಗ ಒಳ್ಳೆಯ ಕಟ್ಟುಗಳು ಬರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಬಿಡಿ ವಿಶೇಷಾಂಕ ಸಿಗುತ್ತವೆ.

ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಂಥ ಕಡೆ, ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಅನುಮತಿ ಕೇಳಿ ಫೋಟೊ ತೆಗೆಯಬಹುದು. ಅಲ್ಲಿಂದ ಒಂದು ಚೂರೂ ಹರಿಯಬಾರದು. ಸಾರ್ವಜನಿಕ ಪ್ರತಿಯಿಂದ ಕಾರ್ಟೂನು ಕತ್ತರಿಸುವವರನ್ನು ನಾನು ಸಂಗ್ರಾಹಕರು ಅಂತ ಕರೆಯುವುದಿಲ್ಲ.

ಹಾಗಂತ ಲೈಬ್ರರಿಯಲ್ಲಿದೆ ಅಂತ ನಿಶ್ಚಿಂತೆಯಾಗಿಯೂ ಇರಬೇಡಿ. ಒಂದು ಊರಿನ ವಾಚನಾಲಯ ಮೂವತ್ತು ವರ್ಷದ ಪತ್ರಿಕೆಗಳನ್ನು ಜಾಗ ಇಲ್ಲ ಅಂತ ತೂಕಕ್ಕೆ ಹಾಕಿತು. ನಾನು ಹೋಗಿದ್ದು ಎರಡು ದಿನ ತಡ. ಖಾಲಿ ಕಪಾಟಿನ ಮುಂದೆ ನಿಂತಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಅಮೆರಿಕದಲ್ಲೂ ಹೀಗೇ ಆಗಿತ್ತು. ಲೈಬ್ರರಿಗಳು ಪತ್ರಿಕೆಗಳನ್ನು ಮೈಕ್ರೊಫಿಲ್ಮ್ ಮಾಡಿ ಮೂಲ ಪ್ರತಿಗಳನ್ನು ಎಸೆಯುತ್ತಿದ್ದವು. ಫಿಲ್ಮ್ ಕಪ್ಪು ಬಿಳುಪು, ಭಾನುವಾರದ ಬಣ್ಣದ ಕಾಮಿಕ್ಸ್ ಅದರಲ್ಲಿ ಸತ್ತೇಹೋಗುತ್ತಿತ್ತು. ಬಿಲ್ ಬ್ಲ್ಯಾಕ್‌ಬಿಯರ್ಡ್ ಅನ್ನುವವರು 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಸಂಸ್ಥೆ ಮಾಡಿಕೊಂಡು, ಆ ಪತ್ರಿಕೆಗಳನ್ನೆಲ್ಲ ಕೇಳಿ ಪಡೆದು ತಮ್ಮ ಮನೆ ತುಂಬಿಸಿದರು. 1998ರಲ್ಲಿ ಆ ಸಂಗ್ರಹ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದಾಗ ಆರು ದೊಡ್ಡ ಟ್ರಕ್ ಬೇಕಾದವು, ತೂಕ ಸುಮಾರು 75 ಟನ್. ಆ ಕಥೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಕತ್ತರಿ ಹಿಡಿಯುವ ಮುನ್ನ

ಸಾಧ್ಯವಾದರೆ ಕತ್ತರಿಸಲೇಬೇಡಿ. ಪೂರ್ತಿ ಹಾಳೆ ಇಡಿ. ಪಕ್ಕದ ಸುದ್ದಿ, ಮೇಲಿನ ದಿನಾಂಕ, ಕೆಳಗಿನ ಜಾಹೀರಾತು, ಇವೆಲ್ಲ ಸೇರಿಯೇ ಆ ಕಾರ್ಟೂನಿಗೆ ಅರ್ಥ. ಜಾಗ ಇಲ್ಲದೆ ಕತ್ತರಿಸಲೇಬೇಕಾದರೆ ಮೊದಲು ಪೂರ್ತಿ ಪುಟದ ಎರಡೂ ಬದಿಯ ಫೋಟೊ ತೆಗೆಯಿರಿ. ನಂತರ ಚಿತ್ರದ ಸುತ್ತ ಎರಡು ಬೆರಳಷ್ಟು ಅಂಚು ಬಿಟ್ಟು ಕತ್ತರಿಸಿ. ಪತ್ರಿಕೆ, ದಿನಾಂಕ, ಆವೃತ್ತಿ, ಪುಟ ಸಂಖ್ಯೆ ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ಆವೃತ್ತಿ ಮುಖ್ಯ. ಬೆಂಗಳೂರು ಆವೃತ್ತಿಯಲ್ಲಿ ಬಂದದ್ದು ಹುಬ್ಬಳ್ಳಿಯದರಲ್ಲಿ ಇಲ್ಲದೇ ಇರಬಹುದು.

ದಿನಾಂಕ ಇಲ್ಲದ ತುಂಡಿಗೆ ದಿನಾಂಕ ಪತ್ತೆ ಮಾಡುವುದು

ಈ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಸ್ವಲ್ಪ ಉದ್ದ ಹೇಳುತ್ತೇನೆ.

ತುಂಡನ್ನು ತಿರುಗಿಸಿ, ಬೆನ್ನು ಓದಿ. ನೋಟ್‌ಬುಕ್ಕಿಗೆ ಅಂಟಿಸಿದ್ದರೆ ಕೀಳಬೇಡಿ. ಕತ್ತಲೆ ಕೋಣೆಯಲ್ಲಿ ಹಾಳೆಯ ಹಿಂದೆ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ. ಹಿಂಬದಿಯ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರುತ್ತದೆ. ಫೋನಿನಲ್ಲೇ ಆ ಫೋಟೊವನ್ನು ಎಡಬಲ ತಿರುಗಿಸಿದರೆ ಓದಬಹುದು.

ಮೊದಲು ಬೆಲೆ ನೋಡಿ. ಆಣೆ ಲೆಕ್ಕದಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಜನ ಇನ್ನೂ ಕೆಲವು ವರ್ಷ ಆಣೆಯಲ್ಲೇ ಮಾತಾಡುತ್ತಿದ್ದರು, ಅದು ನೆನಪಿರಲಿ. 1964ರ ಜೂನ್‌ನಲ್ಲಿ ‘ನಯಾ’ ಹೋಗಿ ಬರೀ ಪೈಸೆ ಆಯಿತು. ಜಾಹೀರಾತಿನಲ್ಲಿ ಸೇರು, ಮಣ ಇದೆಯೋ, ಕಿಲೊ ಇದೆಯೋ ಅನ್ನುವುದೂ ಇಂಥದ್ದೇ ಸುಳಿವು.

ವಿಳಾಸ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೆ ಮೊದಲು ‘ಬೆಂಗಳೂರು-2’ ಅಂತ ಇರುತ್ತಿತ್ತು, ಆಮೇಲೆ ‘560 002’. ನಮ್ಮ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಅಜ್ಜನ ನೋಟ್‌ಬುಕ್ಕಿನ ಒಂದು ತುಂಡಿನ ಬೆನ್ನಿಗೆ ಟೆಂಡರ್ ಪ್ರಕಟಣೆ ಇತ್ತು. ಅದರಲ್ಲಿ ‘ಮೈಸೂರು ಸರ್ಕಾರ’ ಅಂತಲೂ ಇದೆ, ಆರಂಕಿಯ ಪಿನ್ ಕೋಡೂ ಇದೆ. ಅಂದರೆ ಆ ಕಾರ್ಟೂನು ಬಂದದ್ದು ಈ ಎರಡು ದಿನಗಳ ನಡುವಿನ ಹದಿನಾಲ್ಕೂವರೆ ತಿಂಗಳಲ್ಲಿ. ಎರಡೇ ಪದ ಹಿಡಿದು ಇಷ್ಟು ಹತ್ತಿರ ಬರಬಹುದು!

ಬೆನ್ನಿಗೆ ದಿನದ ಪಂಚಾಂಗ ಇದ್ದರೆ ನಿಮ್ಮ ಅದೃಷ್ಟ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೆ ಒಮ್ಮೆ ಮಾತ್ರ ಬರುತ್ತದೆ. ಪರೀಧಾವಿ ಅಂದರೆ 1972ರ ಯುಗಾದಿಯಿಂದ 1973ರ ಯುಗಾದಿವರೆಗೆ. ಅದರ ಜೊತೆ ಮಾಸ, ಪಕ್ಷ, ತಿಥಿ, ವಾರ ಸಿಕ್ಕರೆ ಹಳೆ ಪಂಚಾಂಗ ತೆರೆದು ದಿನವನ್ನೇ ಹೇಳಬಹುದು. ಮನೆಯಲ್ಲಿ ಹಳೆ ಪಂಚಾಂಗಗಳಿದ್ದರೆ ಎಸೆಯಬೇಡಿ.

ಇನ್ನು ಚಿತ್ರದೊಳಗಿನ ಮುಖಗಳು. ಕೆಂಗಲ್ ಹನುಮಂತಯ್ಯ, ನಿಜಲಿಂಗಪ್ಪ, ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಒಬ್ಬೊಬ್ಬರಿಗೂ ಕಲಾವಿದರು ಒಂದೊಂದು ಗುರುತು ಹಿಡಿದಿರುತ್ತಾರೆ. ಅವರು ಕುರ್ಚಿಯಲ್ಲಿ ಕೂತಿದ್ದಾರೋ, ಕುರ್ಚಿಯ ಕಡೆ ನೋಡುತ್ತಿದ್ದಾರೋ ಗಮನಿಸಿ. ಗುಂಡೂರಾವ್ ಮುಖ್ಯಮಂತ್ರಿಯಾಗಿ ಕಂಡರೆ 1980ರ ಜನವರಿಯಿಂದ 1983ರ ಜನವರಿ ಒಳಗೆ. ಆದರೆ ಬರೀ ಮುಖ ನೋಡಿ ತೀರ್ಮಾನ ಮಾಡಬೇಡಿ. ಕುರ್ಚಿ ಬಿಟ್ಟ ಮೇಲೂ ನಾಯಕರು ಕಾರ್ಟೂನಿನಲ್ಲಿ ಬರುತ್ತಲೇ ಇರುತ್ತಾರೆ.

ತುರ್ತು ಪರಿಸ್ಥಿತಿಯ ಕಾಲದ ಹಾಳೆಗಳು, ಅಂದರೆ 1975ರ ಜೂನ್ ಕೊನೆಯಿಂದ 1977ರ ಮಾರ್ಚ್‌ವರೆಗಿನವು ಸಿಕ್ಕರೆ, ಕಾರ್ಟೂನು ಇಲ್ಲದ ಪುಟಗಳನ್ನೂ ಇಟ್ಟುಕೊಳ್ಳಿ. ಆಗ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ದೆಹಲಿಯ ಕಾರ್ಟೂನು ವಾರಪತ್ರಿಕೆ ‘ಶಂಕರ್ಸ್ ವೀಕ್ಲಿ’ 1975ರಲ್ಲೇ ನಿಂತುಹೋಯಿತು. ದಿನಾ ಚಿತ್ರ ಬರುತ್ತಿದ್ದ ಮೂಲೆಯಲ್ಲಿ ಅವತ್ತು ಏನಿತ್ತು ಅನ್ನುವುದೂ ಚರಿತ್ರೆಯೇ.

ತೀರ್ಮಾನ ಬರೆಯುವಾಗ ಖಚಿತವಾದದ್ದು ಮತ್ತು ಊಹಿಸಿದ್ದು ಎರಡನ್ನೂ ಬೇರೆಬೇರೆ ಬರೆಯಿರಿ. ‘1972 ಆಗಸ್ಟ್ – 1973 ಅಕ್ಟೋಬರ್, ಆಧಾರ: ಹಿಂಬದಿಯ ಟೆಂಡರ್’ ಅಂತ. ಆಧಾರ ಬರೆದಿದ್ದರೆ ಮುಂದೆ ಯಾರಾದರೂ ತಿದ್ದಬಹುದು.

ಕಾಗದಕ್ಕೆ ಏನಾಗುತ್ತದೆ, ನಾವೇನು ಮಾಡಬಾರದು

ಪತ್ರಿಕೆಯ ಕಾಗದ ಮರವನ್ನು ಅರೆದು ಮಾಡಿದ್ದು. ಅದರಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ. ಆಮ್ಲ ಕಾಗದದ ನಾರನ್ನು ಮುರಿಯುತ್ತದೆ. ಬಿಸಿ ಮತ್ತು ತೇವ ಈ ಕೆಲಸವನ್ನು ಬೇಗ ಮಾಡಿಸುತ್ತವೆ. ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು.

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿ ಪ್ಲಾಸ್ಟಿಕ್ ಕಾಗದಕ್ಕೆ ಕರಗಿ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ಸೆಲ್ಲೊಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಚಿತ್ರದೊಳಗೆ ಇಳಿಯುತ್ತದೆ. ಗೋಂದು, ಫೆವಿಕಾಲ್, ಅನ್ನದ ಅಗುಳು ಯಾವುದೂ ಬೇಡ. ಗಂಜಿಯ ಅಂಟು ಅಂದರೆ ಜಿರಳೆಗೂ ಸಿಲ್ವರ್‌ಫಿಶ್ ಅನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಹಬ್ಬದೂಟ. ಗುಂಡುಸೂಜಿ, ಸ್ಟೇಪಲ್ ಪಿನ್, ರಬ್ಬರ್ ಬ್ಯಾಂಡ್ ಇದ್ದರೆ ಮೆಲ್ಲಗೆ ತೆಗೆಯಿರಿ. ಹಳೆ ಟೇಪನ್ನು ಮಾತ್ರ ನೀವಾಗಿ ಕೀಳಬೇಡಿ.

ಮುಟ್ಟುವ ಮುನ್ನ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪುಡಿಯಾಗುವ ಕಾಗದಕ್ಕೆ ಕೈಗವಸಿಗಿಂತ ಒಣಗಿದ ಬರಿಗೈಯೇ ವಾಸಿ, ಕಾಗದ ಬೆರಳಿಗೆ ಗೊತ್ತಾಗುತ್ತದೆ. ಎತ್ತುವಾಗ ಮೂಲೆ ಹಿಡಿಯದೆ, ಕೆಳಗೆ ಒಂದು ಗಟ್ಟಿ ರಟ್ಟು ತೂರಿಸಿ, ಹಪ್ಪಳ ಎತ್ತಿದಂತೆ ಎತ್ತಿ. ಧೂಳನ್ನು ಮೆತ್ತನೆ ಬ್ರಷ್ಷಿನಿಂದ ಮಧ್ಯದಿಂದ ಹೊರಗೆ ಗುಡಿಸಿ. ಒದ್ದೆ ಬಟ್ಟೆ ಬೇಡ.

ಹುಳ ಇದೆ ಅನ್ನಿಸಿದರೆ ಹೊಸ ಕಟ್ಟನ್ನು ನೇರ ಒಳಗೆ ತರಬೇಡಿ. ಜಿಪ್ ಕವರಿನಲ್ಲಿ ಹಾಕಿ, ಗಾಳಿ ತೆಗೆದು, ಮನೆಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಬೂಷ್ಟು ಹಿಡಿದಿದ್ದರೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ.

ಕಾಗದದ ಆಮ್ಲ ತೆಗೆಯುವ ಮನೆಮದ್ದುಗಳ ಬಗ್ಗೆ ಕೇಳಿರುತ್ತೀರಿ, ಸೋಡಾ ನೀರಿನಲ್ಲಿ ಮಿಲ್ಕ್ ಆಫ್ ಮೆಗ್ನೀಷಿಯಾ ಬೆರೆಸಿ ನೆನೆಸುವುದು ಇತ್ಯಾದಿ. ಹಳೆ ಕಾಗದ ಒದ್ದೆಯಾದರೆ ಕೈಯಲ್ಲೇ ಬಿಟ್ಟುಕೊಳ್ಳಬಹುದು. ಒಂದೇ ಒಂದು ಪ್ರತಿ ಉಳಿದ ಚಿತ್ರದ ಮೇಲೆ ಪ್ರಯೋಗ ಮಾಡಬೇಡಿ. ನಿಜವಾಗಿಯೂ ಅಪರೂಪದ್ದು ಹರಿದಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ, ಬಲ್ಲವರ ಹತ್ತಿರ ಕೇಳಿ.

ಸ್ಕ್ಯಾನ್

ಹಿಂದೆ ಒಂದು ಕಪ್ಪು ಹಾಳೆ ಇಡಿ. ಇಷ್ಟು ಮಾಡಿದರೆ ಹಿಂಬದಿಯ ಅಕ್ಷರ ಮುಂದೆ ಇಣುಕುವುದು ಬಹುಪಾಲು ನಿಲ್ಲುತ್ತದೆ. ನಾನು ಮೂರು ವರ್ಷ ಗೊತ್ತಿಲ್ಲದೆ ಬಿಳಿ ಮುಚ್ಚಳ ಹಾಕಿ ಸ್ಕ್ಯಾನ್ ಮಾಡಿ, ಆಮೇಲೆ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು.

ಗೆರೆಚಿತ್ರಕ್ಕೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ ಇಡಿ. ಚಿತ್ರ ಕಪ್ಪು ಬಿಳುಪಾದರೂ ಬಣ್ಣದ ಮೋಡಿನಲ್ಲೇ ಸ್ಕ್ಯಾನ್ ಮಾಡಿ, ಹಳದಿ ಕಲೆಯನ್ನು ಆಮೇಲೆ ಬೇರ್ಪಡಿಸಲು ಸುಲಭ. ಮೂಲ ಪ್ರತಿ ಟಿಫ್ ಫೈಲಿನಲ್ಲಿ, ಹಂಚಲು ಜೆಪೆಗ್ ಫೈಲು. ತಿದ್ದಿ ಚೊಕ್ಕ ಮಾಡಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಸ್ಕ್ಯಾನನ್ನು ಎಂದೂ ತಿದ್ದಬೇಡಿ. ಪುಟ ದೊಡ್ಡದಾದರೆ ಮಡಚಿ ಸ್ಕ್ಯಾನರಿಗೆ ತುರುಕುವುದಕ್ಕಿಂತ, ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ನೇರ ಮೇಲಿನಿಂದ ಫೋಟೊ ತೆಗೆಯುವುದು ಒಳ್ಳೆಯದು.

ಫೈಲಿನ ಹೆಸರು ವರ್ಷ, ತಿಂಗಳು, ದಿನ, ಪತ್ರಿಕೆ, ಪುಟ, ಇದೇ ಕ್ರಮದಲ್ಲಿ ಇರಲಿ. ಗೊತ್ತಿಲ್ಲದ ಕಡೆ ಸೊನ್ನೆ ಹಾಕಿ. ತಾನಾಗೇ ಸಾಲಾಗಿ ಕೂರುತ್ತದೆ. ಮೂರು ಪ್ರತಿ ಇಟ್ಟುಕೊಳ್ಳಿ, ಒಂದು ಬೇರೆ ಊರಿನ ಮನೆಯಲ್ಲಿರಲಿ.

ಇಡುವ ಜಾಗ

ಹಾಳೆಗಳನ್ನು ಮಲಗಿಸಿ ಇಡಿ. ಸುರುಳಿ ಸುತ್ತುವುದು, ನಾಲ್ಕು ಮಡಿಕೆ ಮಾಡುವುದು ಬೇಡ. ಪ್ರತಿ ತುಂಡಿನ ಹಿಂದೆ ಆಮ್ಲರಹಿತ ಕಾಗದ ಇರಲಿ. ಅದು ಸಿಗದಿದ್ದರೆ ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ನೋಡಬಹುದು. ಆಮ್ಲ ಪರೀಕ್ಷಿಸುವ ಪೆನ್ನು ಬರುತ್ತದೆ, ಅದರಲ್ಲಿ ಒಂದು ಗೆರೆ ಎಳೆದು ನೋಡಿಯೇ ಬಳಸಿ. ಪಾರದರ್ಶಕ ಕವರು ಬೇಕಾದರೆ ಪಾಲಿಯೆಸ್ಟರಿನದು ತನ್ನಿ. ಸ್ಪೈರಲ್ ಬೈಂಡಿಂಗಿಗೆ ಹಾಕುವ ಶೀಟು ಸಾಮಾನ್ಯವಾಗಿ ಪಿವಿಸಿ, ಅದು ಬೇಡ. ಕವರಿನ ಒಂದೆರಡು ಬದಿ ತೆರೆದಿರಲಿ. ಪೂರ್ತಿ ಮುಚ್ಚಿದರೆ ಕಾಗದ ಬಿಡುವ ಆಮ್ಲ ಅಲ್ಲೇ ಉಳಿದು ಅದನ್ನೇ ತಿನ್ನುತ್ತದೆ. ಕಲಾವಿದರ ಕೈಬರಹದ ಮೂಲ ಚಿತ್ರ ನಿಮ್ಮಲ್ಲಿದ್ದರೆ ಅದನ್ನು ಪತ್ರಿಕೆ ಕಾಗದದ ಜೊತೆ ಒಂದೇ ಕವರಿನಲ್ಲಿ ಇಡಬೇಡಿ.

ಕಬ್ಬಿಣದ ಬೀರು ಒಳ್ಳೆಯದು, ಕೆಳಗಿನ ಅರೆ ಬಿಟ್ಟು. ಬಚ್ಚಲಿನ ಗೋಡೆಗೆ ತಾಗಿರಬಾರದು. ಹೆಂಚಿನ ಅಡಿಯ ಅಟ್ಟ ಬೇಸಿಗೆಯಲ್ಲಿ ಕಾದ ಕಾವಲಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಬೆಚ್ಚಗಿಡುವ ರೂಢಿ ಇದೆ, ಆದರೆ ಪತ್ರಿಕೆ ಕಾಗದಕ್ಕೆ ಹೊಗೆ ಆಗಿಬರುವುದಿಲ್ಲ. ತೇವ ಅಳೆಯುವ ಸಣ್ಣ ಮೀಟರ್ ಬೀರುವಿನೊಳಗಿಡಿ. ಶೇಕಡಾ 65ರ ಮೇಲೆ ಹೋದರೆ ಬೂಷ್ಟು ಬರುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಇಡಿ. ನುಸಿಗುಳಿಗೆ ಬೇಡ, ಮನೆಯವರ ಆರೋಗ್ಯಕ್ಕೆ ಒಳ್ಳೆಯದಲ್ಲ. ಒಣಗಿದ ಬೇವಿನ ಎಲೆ, ಬಜೆ ಬೇರನ್ನು ಹಿರಿಯರು ಬಳಸುತ್ತಿದ್ದರು. ತೆಳು ಬಟ್ಟೆಯಲ್ಲಿ ಕಟ್ಟಿ ಕಾಗದಕ್ಕೆ ತಾಗದಂತೆ ಮೂಲೆಯಲ್ಲಿಡಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ವರ್ಷಕ್ಕೆ ಎರಡು ಸಲ, ಮಳೆ ಶುರುವಾಗುವ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ಎಲ್ಲವನ್ನೂ ತೆರೆದು ನೋಡಿ.

ಹಂಚುವುದು, ಮುಂದಕ್ಕೆ ದಾಟಿಸುವುದು

ಹಾಳೆ ನಿಮ್ಮದಾದರೂ ಚಿತ್ರದ ಹಕ್ಕು ನಿಮ್ಮದಲ್ಲ. ಭಾರತದಲ್ಲಿ ಕಲಾವಿದರು ತೀರಿಕೊಂಡ ನಂತರದ 60 ವರ್ಷ ಹಕ್ಕು ಉಳಿಯುತ್ತದೆ. ಲಕ್ಷ್ಮಣ್ 2015ರಲ್ಲಿ ತೀರಿಕೊಂಡರು, ಅವರ ಚಿತ್ರಗಳ ಹಕ್ಕು 2075ರ ಕೊನೆಯವರೆಗೆ ಇದೆ. ಯಾರದೆಂದು ಗೊತ್ತಾಗದ ಚಿತ್ರಕ್ಕೆ ಪ್ರಕಟವಾದ ನಂತರದ 60 ವರ್ಷ. ಹಕ್ಕು ಕೆಲವೊಮ್ಮೆ ಪತ್ರಿಕೆಯದಿರುತ್ತದೆ, ಕೆಲವೊಮ್ಮೆ ಕಲಾವಿದರ ಮನೆಯವರದು. ಪುಸ್ತಕ ಮಾಡುವ ಯೋಚನೆ ಇದ್ದರೆ ಮೊದಲು ಕೇಳಿ. ನಾನು ಹೀಗೆ ಕೇಳಲು ಹೋದ ಒಂದು ಮನೆಯಲ್ಲಿ, ಅಪ್ಪ ಬರೆದ ಚಿತ್ರಗಳ ಒಂದು ಪ್ರತಿಯೂ ಅವರ ಬಳಿ ಇರಲಿಲ್ಲ. ನನ್ನ ಬಳಿ ಇದ್ದ ನಲವತ್ತರ ಪ್ರಿಂಟ್ ಕೊಟ್ಟುಬಂದೆ.

ಕೊನೆಗೆ ಒಂದು ಚೀಟಿ ಬರೆಯಿರಿ. ಈ ಪೆಟ್ಟಿಗೆಯಲ್ಲಿ ಏನಿದೆ, ಪಟ್ಟಿ ಯಾವ ಕಂಪ್ಯೂಟರಿನಲ್ಲಿದೆ, ನನ್ನ ನಂತರ ಯಾರಿಗೆ ಕೊಡಬೇಕು ಅಂತ. ಕೊಡಬೇಕೆಂದಿರುವ ಲೈಬ್ರರಿ ಅಥವಾ ಗ್ಯಾಲರಿಯವರ ಹತ್ತಿರ ಈಗಲೇ ಮಾತಾಡಿ, ಪಟ್ಟಿಯ ಪ್ರತಿ ಅವರಿಗೂ ಕೊಟ್ಟಿರಿ. ಚೀಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ, ತೆರೆದ ಕೂಡಲೇ ಕಾಣುವಂತೆ ಇಡಿ. ನನ್ನ ಪೆಟ್ಟಿಗೆಯಲ್ಲಿ ಆ ಚೀಟಿಯ ಕೆಳಗೇ ಅಜ್ಜನ ನೋಟ್‌ಬುಕ್ ಇದೆ. ಅದರ ಅರವತ್ತೊಂದು ಚಿತ್ರಗಳಿಗೆ ಈಗ ದಿನಾಂಕ ಸಿಕ್ಕಿದೆ. ಖಾಲಿ ಚೀಲದ ಮೇಲೆ ಕೂತ ಮಂತ್ರಿಗೆ ಇನ್ನೂ ಹುಡುಕುತ್ತಿದ್ದೇನೆ.